ವಿಲ್ಸ್ ಕಪ್ಪೂ ನಮ್ಮೂರ ಸೊಪ್ಪೂ

ಬರೆಯದೆ ನಾಲ್ಕೈದು ತಿಂಗಳಾಯ್ತು. ಕೋಡ್ ಕುಟ್ಟಿ ಕುಟ್ಟಿ ಕನ್ನಡ ಟೈಪಿಸುವುದೇ ಮರೆತುಹೋಗಿದೆಯೇನೋ ಅನ್ನಿಸುತ್ತಿತ್ತು. ಮೊನ್ನೆ ಊರಿಗೆ ಹೋಗಿದ್ದಾಗ ಅಪ್ಪನ ಜತೆ ನಡೆದ ಒಂದು ಮಾತು ತಲೆಯಿಂದ ಇಳಿಯುತ್ತಿಲ್ಲ. ಅದನ್ನ ಇಲ್ಲಿ ಇಳಿಸಿಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಮೊದಲು ನನ್ನದೊಂದು ಜಂಭದ ಕತೆ. 2023ರ ಕ್ರಿಕೆಟ್ ವಿಶ್ವಕಪ್ಪಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಐದು ಪಂದ್ಯ ಸಿಕ್ಕಿದ್ದವು. ಆ ಐದಕ್ಕೂ ನಾನು ಒಳಗಿದ್ದೆ! ಟಿಕೆಟ್ ಕೊಂಡಲ್ಲ, ಕೆಲಸಕ್ಕೆ. ಗೇಟಿನಲ್ಲಿ ಟಿಕೆಟ್ಟಿನ ಬಾರ್‌ಕೋಡ್ ಓದುವ ಪುಟ್ಟ ಯಂತ್ರ ಇರುತ್ತಲ್ಲ, ಅದರ ಒಳಗಿನ ತಂತ್ರಾಂಶ ನೋಡಿಕೊಳ್ಳುವ ತಂಡದಲ್ಲಿ ನಾನೂ ಒಬ್ಬ. ಯಾರಿಗೋ ಸಿಕ್ಕ ಗುತ್ತಿಗೆ, ಅದರೊಳಗೆ ಇನ್ನೊಂದು ಗುತ್ತಿಗೆ, ಅದರ ಬಾಲದಲ್ಲಿ ನಾವು. ಆದರೂ ಕುತ್ತಿಗೆಗೆ ಪಾಸ್ ನೇತುಹಾಕಿಕೊಂಡು ಓಡಾಡುವಾಗ ಏನು ಗತ್ತು ಅಂತೀರಿ. ಫೋಟೋ ತೆಗೆದು ಕಾಲೇಜಿನ ಗೆಳೆಯರಿಗೆಲ್ಲ ಕಳಿಸಿದ್ದೆ.

ಐದು ಪಂದ್ಯಗಳಲ್ಲಿ ನಾನು ಕಣ್ಣಾರೆ ನೋಡಿದ ಎಸೆತ ಎಷ್ಟು ಗೊತ್ತೇ? ಒಂದು ಓವರಿನಷ್ಟೂ ಇಲ್ಲ. ನಾನಿದ್ದದ್ದು ಸ್ಟ್ಯಾಂಡಿನ ಕೆಳಗಿನ ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ. ಮೇಲೆ ಜನ ಕುಣಿದಾಗ ತಾರಸಿ ಅದುರುತ್ತಿತ್ತು. ಅದು ಸಿಕ್ಸರೋ ವಿಕೆಟ್ಟೋ ಅಂತ ಸದ್ದಿನಲ್ಲೇ ಅಂದಾಜು ಮಾಡುತ್ತಿದ್ದೆವು. ನವೆಂಬರ್ 12, ದೀಪಾವಳಿ ದಿನ, ಭಾರತ-ನೆದರ್ಲೆಂಡ್ಸ್ ಪಂದ್ಯ. ನಮ್ಮ ಕೆ.ಎಲ್. ರಾಹುಲ್ 62 ಎಸೆತಗಳಲ್ಲಿ ಶತಕ ಹೊಡೆದ. ಭಾರತ 410 ಹೊಡೆದು 160 ರನ್‌ಗಳಿಂದ ಗೆದ್ದಿತು. ನಾನು ಆ ಶತಕ ನೋಡಿದ್ದು ರಾತ್ರಿ ಮೆಟ್ರೋದಲ್ಲಿ, ಮೊಬೈಲಿನಲ್ಲಿ.

ಅಲ್ಲಿದ್ದಾಗ ಒಂದು ಬೇರೆಯೇ ಕ್ರೀಡಾಂಗಣ ಕಾಣಿಸಿತು. ಬೆಳಿಗ್ಗೆಯೇ ಬಂದು ಸಾವಿರಾರು ಕುರ್ಚಿಗಳನ್ನು ಒಂದೊಂದಾಗಿ ಒರೆಸುವ ಹೆಂಗಸರು. ನೀರಿನ ಕ್ಯಾನು ಹೊತ್ತು ಮೆಟ್ಟಿಲು ಹತ್ತುವ ಹುಡುಗರು. ನವೆಂಬರ್ 4ರಂದು ನ್ಯೂಜಿಲೆಂಡ್-ಪಾಕಿಸ್ತಾನ ಪಂದ್ಯಕ್ಕೆ ಮಳೆ ಬಂದಾಗ ಹೊದಿಕೆ ಎಳೆಯಲು ಓಡಿದ ಮೈದಾನದ ಕೆಲಸಗಾರರು. ಆವತ್ತು ಪಾಕಿಸ್ತಾನ ಡಕ್‌ವರ್ತ್-ಲೂಯಿಸ್ ಲೆಕ್ಕದಲ್ಲಿ 21 ರನ್‌ಗಳಿಂದ ಗೆದ್ದದ್ದು ಎಲ್ಲರಿಗೂ ನೆನಪಿದೆ, ಹೊದಿಕೆ ಎಳೆದವರು ಯಾರಿಗೂ ನೆನಪಿಲ್ಲ. ಗೇಟುಗಳ ಬಗ್ಗೆ ಹಗುರವಾಗಿ ಬರೆಯಲು ಈಗ ಮನಸ್ಸೂ ಬರುವುದಿಲ್ಲ. 2025ರ ಜೂನ್ 4ರಂದು ಅದೇ ಗೇಟುಗಳ ಹೊರಗೆ ಹನ್ನೊಂದು ಜೀವ ಹೋದವು. ತೆರೆಯ ಹಿಂದಿನ ಕೆಲಸ ಸರಿಯಾಗಿ ನಡೆದರೆ ಯಾರಿಗೂ ಕಾಣುವುದಿಲ್ಲ, ತಪ್ಪಿದರೆ ಏನಾಗುತ್ತದೆ ಅಂತ ಆವತ್ತು ಎಲ್ಲರೂ ನೋಡಿದೆವು.

ಇದನ್ನೆಲ್ಲ ಮೊನ್ನೆ ಜಗಲಿ ಮೇಲೆ ಕೂತು ಅಪ್ಪನಿಗೆ ಹೇಳುತ್ತಿದ್ದೆ. "ವಿಶ್ವಕಪ್ಪಿಗೆ ಕೆಲಸ ಮಾಡಿದವನು ನಮ್ಮೂರಲ್ಲಿ ನಾನೊಬ್ಬನೇ ಅಪ್ಪ" ಅಂತ ಕೊನೆಗೊಂದು ಒಗ್ಗರಣೆ ಬೇರೆ.

ಅಪ್ಪ ಎಲೆಅಡಿಕೆ ಉಗಿದು ಬಂದು ನಿಧಾನಕ್ಕೆ ಅಂದರು: "ನೀನೊಬ್ನೇ ಯಾಕ್ಲಾ? ತೊಂಬತ್ತಾರ್ರಲ್ಲಿ ನಮ್ಮೂರಿಗೆ ನಮ್ಮೂರೇ ಮಾಡಿತ್ತು. ವಿಲ್ಸ್ ಕಪ್ ಅಂದ್ರೆ ಯಾರ್ದು ಅನ್ಕೊಂಡಿದೀಯ?"

ನನಗೆ ಹೊಳೆಯಲು ಒಂದು ನಿಮಿಷ ಹಿಡಿಯಿತು.

ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಖುಷ್ಕಿ ಭೂಮಿ ಅಂದರೆ ಸಿಗರೇಟಿಗೆ ಹೋಗುವ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಅಂತ ಹೆಸರು ಕೇಳಿರಬಹುದು, ಅಲ್ಲೆಲ್ಲ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಿವೆ. ಹರಾಜು ಪದ್ಧತಿ ಶುರುವಾದದ್ದೇ ಮೊದಲು ನಮ್ಮ ಕರ್ನಾಟಕದಲ್ಲಿ, 1984ರಲ್ಲಿ. ಅಲ್ಲಿ ಕೊಳ್ಳಲು ಬರುವ ಕಂಪನಿಗಳಲ್ಲಿ ಐಟಿಸಿಯೂ ಒಂದು. ವಿಲ್ಸ್ ಆ ಕಂಪನಿಯ ಸಿಗರೇಟು. 1996ರಲ್ಲಿ ಭಾರತ, ಪಾಕಿಸ್ತಾನ, ಶ್ರೀಲಂಕಾ ಸೇರಿ ನಡೆಸಿದ ವಿಶ್ವಕಪ್ಪಿನ ಅಧಿಕೃತ ಹೆಸರೇ ವಿಲ್ಸ್ ವರ್ಲ್ಡ್ ಕಪ್. ಅದಕ್ಕೆ ಹಿಂದಿನದು, 1992ರದ್ದು, ಬೆನ್ಸನ್ ಅಂಡ್ ಹೆಡ್ಜಸ್ ಕಪ್. ಅದೂ ಸಿಗರೇಟೇ.

1996ರ ಮಾರ್ಚ್ 9. ಚಿನ್ನಸ್ವಾಮಿಗೆ ಹೊಸದಾಗಿ ಹೊನಲು ದೀಪ ಹಾಕಿದ್ದರು. ಭಾರತ-ಪಾಕಿಸ್ತಾನ ಕ್ವಾರ್ಟರ್ ಫೈನಲ್. ಸಿಧು 93, ಕೊನೆಯಲ್ಲಿ ಜಡೇಜ 25 ಎಸೆತಕ್ಕೆ 45. ಆಮೇಲೆ ವೆಂಕಟೇಶ್ ಪ್ರಸಾದ್-ಆಮಿರ್ ಸೊಹೇಲ್ ಪ್ರಕರಣ, ಅದನ್ನು ನಿಮಗೆ ಹೇಳಬೇಕಾಗಿಲ್ಲ. ನಾನಿನ್ನೂ ಹುಟ್ಟಿರಲಿಲ್ಲ. ಅಪ್ಪನಿಗೆ ಆಗ ಇಪ್ಪತ್ತೆಂಟು, ಈಗ ನನಗಿರುವಷ್ಟೇ ವಯಸ್ಸು. ಮಾರ್ಚ್ ಅಂದರೆ ನಮ್ಮಲ್ಲಿ ಹೊಗೆಸೊಪ್ಪಿನ ಸಸಿಮಡಿಗೆ ಬೀಜ ಹಾಕುವ ಕಾಲ. ಸಂಜೆ ಮಡಿಗೆ ನೀರು ಹಾಕಿ ಬಂದು ಊರವರೆಲ್ಲ ಒಂದೇ ಟೀವಿ ಮುಂದೆ ಕೂತಿದ್ದರಂತೆ. "ಟೀವೀಲಿ ವಿಲ್ಸ್ ಅಂತ ಬಂದಾಗೆಲ್ಲ ಹುಡುಗ್ರು 'ನಮ್ ಸೊಪ್ಪು, ನಮ್ ಸೊಪ್ಪು' ಅಂತ ಕೂಗೋರು" ಅಂದರು ಅಪ್ಪ. ಅಷ್ಟು ಹೇಳಿ ನಕ್ಕರು.

ಆ ನಗುವಿನಲ್ಲಿ ಹೆಮ್ಮೆ ಇತ್ತು. ನನಗೆ ಮಾತ್ರ ಒಂಥರಾ ಸಂಕಟ ಆಯ್ತು. ಯಾಕೆ ಅಂತ ಹೇಳಲೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಸೊಪ್ಪಿನ ಕೆಲಸ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮೇ ತಿಂಗಳ ಮಳೆಗೆ ಸಸಿ ನಾಟಿ. ಜುಲೈ ಹೊತ್ತಿಗೆ ಬುಡದ ಎಲೆ ಪಕ್ವವಾಗುತ್ತದೆ. ಆಗಿನಿಂದ ಪ್ರತಿ ಸಲ ಗಿಡಕ್ಕೆ ಎರಡು ಮೂರು ಎಲೆಯಂತೆ ಮುರಿಯಬೇಕು. ಮುರಿದದ್ದನ್ನು ಅವತ್ತೇ ಕಡ್ಡಿಗೆ ದಾರದಲ್ಲಿ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು. ಬ್ಯಾರನ್ ಅಂದರೆ ಎತ್ತರದ, ಕಿಟಕಿಯಿಲ್ಲದ ಮನೆ. ಹೊರಗೆ ಒಲೆ, ಒಳಗೆ ನೆಲದ ಮೇಲೆ ತಗಡಿನ ದಪ್ಪ ಕೊಳವೆ. ಹೊಗೆ ಎಲೆಗೆ ತಾಗುವಂತಿಲ್ಲ, ಕಾವು ಮಾತ್ರ ತಾಗಬೇಕು. ಮೊದಲು ಮೂವತ್ತೈದು ನಲವತ್ತು ಡಿಗ್ರಿಯಲ್ಲಿ ಎಲೆ ಹಳದಿಯಾಗಬೇಕು, ಕೊನೆಗೆ ಎಪ್ಪತ್ತರ ಹತ್ತಿರ ಏರಿಸಿ ನಡುದಂಟು ಒಣಗಿಸಬೇಕು. ಐದಾರು ಹಗಲು, ಐದಾರು ರಾತ್ರಿ. ಒಂದು ರಾತ್ರಿ ನಿದ್ದೆಹೋಗಿ ಕಾವು ತಪ್ಪಿದರೆ ಇಡೀ ಬ್ಯಾರನ್ ಸೊಪ್ಪು ಕಪ್ಪು. ಒಂದು ಕೆಜಿ ಸೊಪ್ಪು ಹದವಾಗಲು ನಾಲ್ಕೈದು ಕೆಜಿ ಸೌದೆ ಬೇಕು. ನಮ್ಮ ಪಕ್ಕದಲ್ಲೇ ನಾಗರಹೊಳೆ ಕಾಡು. ಆ ಲೆಕ್ಕ ನೀವೇ ಮಾಡಿಕೊಳ್ಳಿ.

ಅವ್ವನ ತವರು ಕೆ.ಆರ್. ನಗರದ ನಾಲೆ ಬಯಲು, ಭತ್ತದ ಸೀಮೆ. ಮದುವೆಯಾಗಿ ಬಂದ ಮೇಲೇ ಅವಳು ಹೊಗೆಸೊಪ್ಪು ಮುಟ್ಟಿದ್ದು. ಮಳೆಯಲ್ಲಿ ನೆಂದ ಸೊಪ್ಪು ಮುರಿದು ಕಂಕುಳಲ್ಲಿ ಅವುಚಿಕೊಂಡು ಬಂದ ದಿನ ಅವ್ವ ರಾತ್ರಿಯೆಲ್ಲ ವಾಂತಿ ಮಾಡುತ್ತಿದ್ದದ್ದು ನನ್ನ ಬಾಲ್ಯದ ಪ್ರತಿ ಜುಲೈನ ನೆನಪು. ತಲೆಸುತ್ತು, ಬೆವರು. "ಪಿತ್ತ ಕಣೋ, ಒಂದ್ ನಿಂಬೆಹಣ್ಣು ತಕಂಬಾ" ಅನ್ನುತ್ತಿದ್ದಳು. ಅದು ಪಿತ್ತ ಅಲ್ಲ, ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿಯುವ ಕಾಯಿಲೆ ಅಂತ ನನಗೆ ತಿಳಿದದ್ದು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ, ಹಾಸ್ಟೆಲಿನಲ್ಲಿ ಕೂತು ಏನೋ ಹುಡುಕುತ್ತಿದ್ದಾಗ. ಅದಕ್ಕೊಂದು ಹೆಸರೇ ಇದೆ: ಗ್ರೀನ್ ಟೊಬ್ಯಾಕೊ ಸಿಕ್‌ನೆಸ್. ಸಿಗರೇಟು ಪ್ಯಾಕಿನ ಮೇಲೆ ಸೇದುವವನಿಗೆ ಎಚ್ಚರಿಕೆ ಇರುತ್ತದೆ. ಮುರಿಯುವವಳಿಗೆ ಯಾವ ಪ್ಯಾಕಿನ ಮೇಲೂ ಏನೂ ಇಲ್ಲ. ಅವ್ವ ಒಂದು ದಿನವೂ ಸೇದಿದವಳಲ್ಲ. ಆ ಹಾಸ್ಟೆಲಿನ ಫೀಸೂ ಸೊಪ್ಪಿನ ದುಡ್ಡೇ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಈಗ ಅಂಗಿಯ ವಿಷಯಕ್ಕೆ ಬರೋಣ. ತೊಂಬತ್ತರ ದಶಕದ ಭಾರತ ತಂಡದ ಫೋಟೋ ನೋಡಿ. ತೆಂಡೂಲ್ಕರ್, ದ್ರಾವಿಡ್, ಕುಂಬ್ಳೆ, ನಮ್ಮ ಮೈಸೂರಿನ ಶ್ರೀನಾಥ್... ಎಲ್ಲರ ಎದೆ ಮೇಲೂ ವಿಲ್ಸ್. ಇದರಿಂದ ಏನಾಯಿತು ಅಂತ ಗೋವಾದ ಶಾಲಾಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 1996ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿತ್ತು. ಸಿಗರೇಟು ಕಂಪನಿ ನಡೆಸಿಕೊಟ್ಟ ಕ್ರಿಕೆಟ್ ನೋಡಿದ ಮಕ್ಕಳಲ್ಲಿ ಸಿಗರೇಟಿನ ರುಚಿ ನೋಡುವ ಆಸೆ ಹೆಚ್ಚಿತ್ತು. ಸರ್ಕಾರ ನಿಷೇಧದ ಮಸೂದೆ ತರುತ್ತೇನೆ ಅಂದ ಹೊತ್ತಿನಲ್ಲೇ, 2001ರಲ್ಲಿ, ಕಂಪನಿ ತಾನಾಗಿ ಪ್ರಾಯೋಜನೆಯಿಂದ ಹಿಂದೆ ಸರಿಯಿತು. 2003ರಲ್ಲಿ ಕಾಯ್ದೆ ಆಯ್ತು, 2004ರ ಮೇ 1ರಿಂದ ಜಾರಿಗೆ ಬಂತು. ಸಿಗರೇಟಿನ ಹೆಸರಿನ ಆಟ, ಅಂಗಿ, ಕಪ್ಪು ಎಲ್ಲ ಬಂದ್. ಒಳ್ಳೆಯದೇ ಆಯ್ತು. ಇದರಲ್ಲಿ ನನಗೆ ಎರಡು ಮಾತಿಲ್ಲ. ಹೊಗೆಸೊಪ್ಪಿನ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ನಾನು ಸಿಗರೇಟಿನ ವಕೀಲನಲ್ಲ.

ನನ್ನ ತಕರಾರು ಬೇರೆ. 2004ರ ಫೆಬ್ರವರಿಯಲ್ಲಿ ಭಾರತ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿತು. ಅದರ 13ನೇ ವಿಧಿ ಜಾಹೀರಾತು ಮತ್ತು ಪ್ರಾಯೋಜನೆ ನಿಲ್ಲಿಸಿ ಅನ್ನುತ್ತದೆ. 17ನೇ ವಿಧಿ ಬೆಳೆಗಾರರಿಗೂ ಕೂಲಿಗಳಿಗೂ ಬದುಕಲು ಬೇರೆ ದಾರಿಗೆ ಬೆಂಬಲ ಕೊಡಿ ಅನ್ನುತ್ತದೆ. 18ನೇ ವಿಧಿ ಬೆಳೆಯುವವರ ಆರೋಗ್ಯ, ಪರಿಸರ ಕಾಪಾಡಿ ಅನ್ನುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೂರು ಬಗ್ ಒಟ್ಟಿಗೇ ದಾಖಲಾದವು. ಒಂದು ಕ್ಲೋಸ್ ಆಯ್ತು. ಎರಡು ಇವತ್ತಿಗೂ ಓಪನ್.

ಕ್ಲೋಸ್ ಆದದ್ದು ಯಾವುದು ನೋಡಿ. ಟೀವಿಯಲ್ಲಿ ಕಾಣುವುದು! ಅಂಗಿ ತೊಳೆದೆವು, ಬ್ಯಾರನ್ ಹಾಗೇ ಬಿಟ್ಟೆವು. ವಿಲ್ಸ್ ಅನ್ನುವ ಹೆಸರು ಎದೆ ಮೇಲಿಂದ ಹೋಗಿ ಇಪ್ಪತ್ತು ವರ್ಷ ದಾಟಿತು. ನಮ್ಮೂರಲ್ಲಿ ಈಗಲೂ ಜುಲೈ ಬಂದರೆ ಹೆಂಗಸರು ನೆಂದ ಸೊಪ್ಪು ಮುರಿಯುತ್ತಾರೆ, ರಾತ್ರಿ ವಾಂತಿ ಮಾಡುತ್ತಾರೆ, ಪಿತ್ತ ಅನ್ನುತ್ತಾರೆ.

ಏನೂ ಮಾಡಿಲ್ಲ ಅಂದರೆ ತಪ್ಪಾಗುತ್ತದೆ. 2015-16ರಿಂದ ಕೇಂದ್ರದ ಬೆಳೆ ವೈವಿಧ್ಯ ಯೋಜನೆಯನ್ನು ತಂಬಾಕು ಬೆಳೆಯುವ ರಾಜ್ಯಗಳಿಗೂ ವಿಸ್ತರಿಸಿದರು. ಬೇರೆ ಬೆಳೆಯ ಪ್ರಾತ್ಯಕ್ಷಿಕೆ, ಸಲಕರಣೆಗೆ ನೆರವು ಅಂತೆಲ್ಲ ಇದೆ. ಆದರೆ ರೈತ ಸೊಪ್ಪು ಹಿಡಿದುಕೊಂಡಿರುವುದು ಬೀಜ ಸಿಗದೆ ಅಲ್ಲ. ನಾನು ಕೆಲಸ ಸೇರಿದ ವರ್ಷ ದೊಡ್ಡ ಮನುಷ್ಯನ ಹಾಗೆ "ಇನ್ನು ಸೊಪ್ಪು ಬಿಟ್ಟುಬಿಡಿ ಅಪ್ಪ" ಅಂದಿದ್ದೆ. ಅವರ ಉತ್ತರ ಇನ್ನೂ ಕಿವಿಯಲ್ಲಿದೆ:

"ಬುಡ್ತೀನಿ. ಏನ್ ಬೆಳೀಲಿ? ಯಾರ್ ತಗತಾರೆ? ಎಷ್ಟಕ್ಕೆ ತಗತಾರೆ? ಈ ಮೂರ್ ಹೇಳು, ನಾಳೆ ಬ್ಯಾರನ್ನಿಗೆ ಬೀಗ ಹಾಕ್ತೀನಿ."

ನನಗೆ ಮೂರರಲ್ಲಿ ಒಂದನ್ನೂ ಹೇಳಲಾಗಲಿಲ್ಲ. ಸೊಪ್ಪಿಗೆ ಬ್ಯಾಂಕು ಸಾಲ ಕೊಡುತ್ತದೆ, ಹರಾಜು ಕಟ್ಟೆ ಇದೆ, ದುಡ್ಡು ಖಾತೆಗೆ ಬೀಳುತ್ತದೆ. ಶುಂಠಿ ಹಾಕಿದವರು ಒಂದು ವರ್ಷ ಕಾರು ತಗೊಂಡರೆ ಇನ್ನೊಂದು ವರ್ಷ ಕೀಳುವ ಕೂಲಿಯೂ ಹುಟ್ಟದೆ ನೆಲದಲ್ಲೇ ಬಿಟ್ಟಿದ್ದಾರೆ. ಕಾಡಂಚಿನಲ್ಲಿ ರಾಗಿ, ಜೋಳ ಹಾಕಿದರೆ ಆನೆ, ಹಂದಿಗೆ ಹಬ್ಬ. ಹೊಗೆಸೊಪ್ಪನ್ನು ಆನೆಯೂ ಮುಟ್ಟುವುದಿಲ್ಲ. ಆನೆಗಿರುವ ಬುದ್ಧಿ ನಮಗಿಲ್ಲ ಅಂತ ನೀವು ಹೇಳಬಹುದು :-) ಆದರೆ ಆನೆಗೆ ಬ್ಯಾಂಕಿನ ಕಂತಿಲ್ಲ.

ಇನ್ನೊಂದು ವಿಷಯ. 2023ರ ವಿಶ್ವಕಪ್ಪಿನಲ್ಲಿ ಸಿಗರೇಟಿನ ಹೆಸರು ಎಲ್ಲೂ ಇರಲಿಲ್ಲ. ಆದರೆ ಟೀವಿಯಲ್ಲಿ ಓವರ್ ಓವರ್‌ಗಳ ನಡುವೆ ಏಲಕ್ಕಿ, ಪಾನ್ ಮಸಾಲಾ ಜಾಹೀರಾತು ಬರುತ್ತಿದ್ದದ್ದು ನಿಮಗೂ ನೆನಪಿರಬೇಕು. ಅಂಗಡಿಯಲ್ಲಿ ಅದೇ ಹೆಸರಿನಲ್ಲಿ ಇನ್ನೇನು ನೇತಾಡುತ್ತಿರುತ್ತದೆ ಅಂತ ಎಲ್ಲರಿಗೂ ಗೊತ್ತು. (ಅದಕ್ಕೆ ಹೋಗುವ ತಂಬಾಕು ಬೇರೆ ಜಾತಿ, ನಮ್ಮ ಸೀಮೆಯದಲ್ಲ.) 2025ರ ಮಾರ್ಚ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಐಪಿಎಲ್ ಅಧ್ಯಕ್ಷರಿಗೆ ಪತ್ರ ಬರೆದು ಇಂಥ ಮರೆಮಾಚಿದ ಜಾಹೀರಾತು ನಿಲ್ಲಿಸಿ ಅಂತ ಕೇಳಬೇಕಾಯಿತು. ಅಂದರೆ ತೊಳೆದೆವು ಅಂದುಕೊಂಡ ಅಂಗಿಯೂ ಪೂರ್ತಿ ಬೆಳ್ಳಗಾಗಿಲ್ಲ.

ಹಾಗಾದರೆ ನಾನು ಕೇಳುವುದೇನು? ಬಹಳ ದೊಡ್ಡದೇನಲ್ಲ.

ಒಂದು, ಸಿಗರೇಟಿನಿಂದ ಬರುವ ತೆರಿಗೆಯಲ್ಲಿ ಒಂದು ಪಾಲನ್ನು ಅಪ್ಪನ ಎರಡನೇ, ಮೂರನೇ ಪ್ರಶ್ನೆಗೆ ಮೀಸಲಿಡಿ. ಸೊಪ್ಪಿಗೆ ಹರಾಜು ಕಟ್ಟೆ ಕಟ್ಟಲು ಬಂದ ಸರ್ಕಾರಕ್ಕೆ ಅದೇ ಕಟ್ಟೆಯಲ್ಲಿ ಬೇರೆ ಬೆಳೆ ಕೊಳ್ಳಲು ಆಗಬಾರದೇಕೆ? ಈಗ ಅಲ್ಲಿ ಹರಾಜೂ ಎಲೆಕ್ಟ್ರಾನಿಕ್. ಕೊಳ್ಳುವವರು ಕೈಯಲ್ಲಿ ಪುಟ್ಟ ಯಂತ್ರ ಹಿಡಿದು ಬೆಲೆ ಒತ್ತುತ್ತಾರೆ. ಥೇಟ್ ನಾನು ಚಿನ್ನಸ್ವಾಮಿ ಗೇಟಿನಲ್ಲಿ ನೋಡಿಕೊಂಡಂಥದ್ದೇ. ಆ ಯಂತ್ರಕ್ಕೆ ಸೊಪ್ಪಾದರೇನು, ತೊಗರಿಯಾದರೇನು!

ಎರಡು, ಸೊಪ್ಪು ಮುರಿಯುವ ಪ್ರತಿ ಹೆಂಗಸಿಗೂ ಕೈಗವಸು, ಮಳೆ ಅಂಗಿ. ಊರಿನ ಆಶಾ ಕಾರ್ಯಕರ್ತೆಗೆ "ಇದು ಪಿತ್ತ ಅಲ್ಲ" ಅಂತ ಹೇಳುವಷ್ಟು ತರಬೇತಿ. ಇದಕ್ಕೆ ಎಷ್ಟು ಮಹಾ ಖರ್ಚಾದೀತು?

ಮೂರನೆಯದು ನಮಗೆ, ಅಂದರೆ ನನಗೂ ನಿಮಗೂ. ತಂಬಾಕು ವಿರೋಧಿಸಿ ಬರೆಯುವಾಗ ರೈತನನ್ನು ವಿಷ ಮಾರುವವನು ಅನ್ನುವುದು ಬಹಳ ಸುಲಭ. ನಾನೂ ಕಾಲೇಜಿನಲ್ಲಿ ಹಾಗೆ ಒಂದು ಭಾಷಣ ಹೊಡೆದು ಬಹುಮಾನ ಗೆದ್ದಿದ್ದೆ. ಅಪ್ಪನಿಗೆ ಆ ಬಹುಮಾನ ತೋರಿಸಲಿಲ್ಲ. ಬರೆಯುವಾಗ ಬ್ಯಾರನ್ನಿನ ಒಳಗೂ ಒಮ್ಮೆ ಇಣುಕಿ ನೋಡೋಣ, ಅಷ್ಟೇ.

ಮೊನ್ನೆ ಹೊರಡುವ ಮುಂಚೆ ಚಿನ್ನಸ್ವಾಮಿಯ ಆ ಪಾಸನ್ನು ತೆಗೆದು ಅಪ್ಪನಿಗೆ ಕೊಟ್ಟೆ. ಇಷ್ಟು ದಿನ ಬೆಂಗಳೂರಿನ ರೂಮಿನಲ್ಲಿ ಗೋಡೆಗೆ ನೇತುಹಾಕಿಕೊಂಡಿದ್ದೆ. ತಿರುಗಿಸಿ ಮುರುಗಿಸಿ ನೋಡಿದರು. "ಇದ್ನ ಹಾಕ್ಕಂಡ್ರೆ ಒಳಕ್ ಬುಡ್ತಾರಾ?" ಅಂದರು. ಆವತ್ತು ಬಿಡುತ್ತಿದ್ದರು, ಈಗ ಇಲ್ಲ ಅಂದೆ. "ಹಂಗಾರೆ ನಂಗ್ಯಾಕೆ" ಅಂತ ವಾಪಸ್ ಕೊಟ್ಟು ಬ್ಯಾರನ್ ಕಡೆ ಹೋದರು.

1996ರಲ್ಲಿ ಅವರಿಗೂ ಯಾರೂ ಒಂದು ಪಾಸ್ ಕೊಟ್ಟಿರಲಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯವರು ಯಾರಾದರೂ ಓದುತ್ತಿದ್ದರೆ, ನಿಮ್ಮ ಊರಲ್ಲಿ ಸೊಪ್ಪು ಬಿಟ್ಟು ಬೇರೆ ಬೆಳೆಯಲ್ಲಿ ನೆಲೆ ನಿಂತವರಿದ್ದರೆ ದಯವಿಟ್ಟು ಬರೆಯಿರಿ. ಏನು ಬೆಳೆದರು, ಯಾರು ಕೊಂಡರು, ಎಷ್ಟಕ್ಕೆ ಕೊಂಡರು. ಮುಂದಿನ ಸಲ ಊರಿಗೆ ಹೋದಾಗ ಅಪ್ಪನಿಗೆ ಒಂದಾದರೂ ಉತ್ತರ ಕೊಡಬೇಕು ಅಂತ ಆಸೆ.